ಮಂಗಟ್ಟೆಗೆ ಅತ್ತಿಹಣ್ಣು, ಕಪಾಟಿಗೆ ಕಾವಲು

1894ರ ಆಗಸ್ಟ್ ತಿಂಗಳಲ್ಲಿ ಕಾರವಾರದಿಂದ ಮುಂಬೈಗೆ ಒಂದು ಕಾಣಿಕೆ ಹೋಯಿತು. ಕೊಟ್ಟವರು ಕಾರವಾರದ ಎಚ್. ಇಂಗಲ್. ಕಾಣಿಕೆಯೆಂದರೆ ಮೂರು ತಿಂಗಳು ತುಂಬಿದ ಒಂದು ದೊಡ್ಡ ಮಂಗಟ್ಟೆ ಹಕ್ಕಿ. ಪಡೆದದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್. ಅಲ್ಲಿನವರು ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ಅತ್ತಿಹಣ್ಣು, ಇಲಿ, ಚೇಳು, ಹಸಿ ಮಾಂಸ, ಕೊಟ್ಟದ್ದನ್ನೆಲ್ಲ ತಿನ್ನುತ್ತ, ಮೂವತ್ತು ಅಡಿ ಆಚೆಯಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲೇ ಹಿಡಿಯುತ್ತ ವಿಲಿಯಂ 1920ರವರೆಗೆ ಸೊಸೈಟಿಯ ಕಚೇರಿಯಲ್ಲಿ ಬಾಳಿತು. 1933ರಲ್ಲಿ, ಸುವರ್ಣ ಮಹೋತ್ಸವದ ವರ್ಷ, ಅದರ ಚಿತ್ರವೇ ಸಂಸ್ಥೆಯ ಲಾಂಛನವಾಯಿತು. ಇಂದು ದಕ್ಷಿಣ ಮುಂಬೈಯಲ್ಲಿರುವ ಸೊಸೈಟಿಯ ಕಟ್ಟಡದ ಹೆಸರು ಹಾರ್ನ್‌ಬಿಲ್ ಹೌಸ್, ಅಂದರೆ ಮಂಗಟ್ಟೆ ಮನೆ. ಕಾರವಾರದ ಕಾಡಿನ ಒಂದು ಮರಿಗೆ ಇಷ್ಟು ದೊಡ್ಡ ಸ್ಮಾರಕ ಸಿಕ್ಕಿದೆ.

ಇಂಗಲ್ ಅವರು ಹಕ್ಕಿಯನ್ನು ಕೊಟ್ಟದ್ದು ಒಂದು ದಿನದ ಕೆಲಸ. ಅದಕ್ಕೆ ಹಣ್ಣು ತಂದುಹಾಕಿದ್ದು, ಗೂಡು ತೊಳೆದದ್ದು ಇಪ್ಪತ್ತಾರು ವರ್ಷಗಳ ಕೆಲಸ. ನಿಸರ್ಗ ಇತಿಹಾಸದ ಸಂಗ್ರಹಾಲಯಕ್ಕೆ ದಾನ ಕೊಡುವ ವಿಷಯ ಬಂದಾಗಲೆಲ್ಲ ನನಗೆ ಈ ಲೆಕ್ಕ ಮುಖ್ಯವೆನ್ನಿಸುತ್ತದೆ. ಸತ್ತ ಹಕ್ಕಿಯ ಚರ್ಮವೂ ಬದುಕಿರುವ ಹಕ್ಕಿಯಷ್ಟೇ ಆರೈಕೆ ಬೇಡುತ್ತದೆ. ವಿಲಿಯಂಗೆ ಇಪ್ಪತ್ತಾರು ವರ್ಷ ಸಾಕಾಯಿತು, ಆ ಚರ್ಮಕ್ಕೆ ಇನ್ನೂರು ವರ್ಷ ಬೇಕು.

ಬಿಎನ್‌ಎಚ್‌ಎಸ್ ಹುಟ್ಟಿದ್ದು 1883ರ ಸೆಪ್ಟೆಂಬರ್ 15ರಂದು, ಎಂಟು ಜನ ಕೂಡಿದ ಒಂದು ಸಭೆಯಲ್ಲಿ. ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರೂ ಆ ಎಂಟರಲ್ಲಿ ಇದ್ದರು. ತಾವು ಕಂಡದ್ದನ್ನು ಹೇಳಿಕೊಳ್ಳುವುದು, ಸಿಕ್ಕಿದ ಮಾದರಿಗಳನ್ನು ಒಬ್ಬರಿಗೊಬ್ಬರು ತೋರಿಸುವುದು, ಇಷ್ಟೇ ಉದ್ದೇಶ. ಸ್ವಂತ ಜಾಗವಿಲ್ಲ. 1886ರಲ್ಲಿ ಎಚ್.ಎಂ. ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ ಅಪೋಲೊ ಬೀದಿಯ ತಮ್ಮ ಮಳಿಗೆಯಲ್ಲಿ ಒಂದು ಭಾಗ ಬಿಟ್ಟುಕೊಟ್ಟರು. ಹಕ್ಕಿಯ ಚರ್ಮ, ಹಾವಿನ ಜಾಡಿ, ಚಿಟ್ಟೆಯ ಪೆಟ್ಟಿಗೆಗಳು ಅಲ್ಲಿ ಬಂದು ಸೇರತೊಡಗಿದವು. ಕಳಿಸುತ್ತಿದ್ದವರು ಅರಣ್ಯಾಧಿಕಾರಿಗಳು, ಸುಂಕದ ಇಲಾಖೆಯವರು, ಕಲೆಕ್ಟರುಗಳು, ತೋಟದ ಮಾಲೀಕರು. ನಮ್ಮ ಉತ್ತರ ಕನ್ನಡದ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್, ಸುಂಕ ಇಲಾಖೆಯ ಇ.ಎಚ್. ಐಟ್ಕಿನ್, ಅರಣ್ಯ ಇಲಾಖೆಯ ಟಿ.ಆರ್. ಬೆಲ್ ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಮೇಲೆ ಬರೆದದ್ದು ಸೊಸೈಟಿಯ ಪತ್ರಿಕೆಯಲ್ಲಿಯೇ. ಈ ಡೇವಿಡ್‌ಸನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಕಾರಣಕ್ಕೆ ಮುಂದೆ ಬರುತ್ತದೆ.

ದಾನಕ್ಕೆ ನೆಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಾಲದ ಶಿಮ್ಲಾ ಸಾಕ್ಷಿ. ಕಾಂಗ್ರೆಸ್ ಸ್ಥಾಪಕರೆಂದು ನಾವು ಶಾಲೆಯಲ್ಲಿ ಓದುವ ಎ.ಒ. ಹ್ಯೂಮ್, ಭಾರತದ ಹಕ್ಕಿಗಳನ್ನು ಅವರಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಹಾಕಿದವರು ಮತ್ತೊಬ್ಬರಿಲ್ಲ. ಶಿಮ್ಲಾದ ತಮ್ಮ ಮನೆ ರಾಥ್ನಿ ಕಾಸಲ್‌ನಲ್ಲೇ ಸಂಗ್ರಹಾಲಯ ಕಟ್ಟಿದರು, ಸ್ವಂತ ದುಡ್ಡು ಸುರಿದರು, ಸಂಬಳ ಕೊಟ್ಟು ಜನ ಇಟ್ಟರು. ಭಾರತದ ಹಕ್ಕಿಗಳ ಮೇಲೆ ಬರೆಯಬೇಕೆಂದು ವರ್ಷಗಟ್ಟಲೆ ಮಾಡಿಟ್ಟ ಟಿಪ್ಪಣಿಗಳನ್ನು ಅವರು ಊರಲ್ಲಿಲ್ಲದಾಗ ಸೇವಕನೊಬ್ಬ ಪೇಟೆಯಲ್ಲಿ ರದ್ದಿ ಕಾಗದದ ಬೆಲೆಗೆ ಮಾರಿಬಿಟ್ಟ. ಸುಮಾರು 20,000 ಮಾದರಿಗಳು ಅದಕ್ಕೂ ಮೊದಲೇ ಹಾಳಾಗಿದ್ದವು. ಮನಸ್ಸು ಮುರಿದ ಹ್ಯೂಮ್ ಉಳಿದದ್ದನ್ನೆಲ್ಲ, ಚರ್ಮ, ಗೂಡು, ಮೊಟ್ಟೆ ಸೇರಿ ಸುಮಾರು 82,000 ಮಾದರಿಗಳನ್ನು, ಬ್ರಿಟಿಷ್ ಮ್ಯೂಸಿಯಂಗೆ ದಾನ ಕೊಟ್ಟರು. ಅಲ್ಲಿನ ಪಕ್ಷಿ ವಿಭಾಗದ ಬೌಡ್ಲರ್ ಶಾರ್ಪ್ 1885ರಲ್ಲಿ ತಾವೇ ಶಿಮ್ಲಾಕ್ಕೆ ಬಂದು, ಪೆಟ್ಟಿಗೆಗಳಲ್ಲಿ ತುಂಬಿಸಿ ಕೊಂಡೊಯ್ದರು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಆ ಮ್ಯೂಸಿಯಂ ನಿಸರ್ಗ ಇತಿಹಾಸಕ್ಕೆಂದೇ ಕಟ್ಟಿದ ಹೊಸ ಸಂಗ್ರಹಾಲಯದ ಬಾಗಿಲು ತೆರೆದು ಆಗ ನಾಲ್ಕು ವರ್ಷವಾಗಿತ್ತು. ಭಾರತದ ಹಕ್ಕಿ ಭಾರತದಲ್ಲಿ ಉಳಿಯಲಿಲ್ಲವಲ್ಲ ಎಂಬ ನೋವು ನನಗೂ ಇದೆ. ಆದರೆ ರಾಥ್ನಿ ಕಾಸಲ್‌ನ ಕೋಣೆಗಳಲ್ಲೇ ಬಿಟ್ಟಿದ್ದರೆ ಎಲ್ಲಿಯೂ ಉಳಿಯುತ್ತಿರಲಿಲ್ಲ.

ಇನ್ನು ಮುಂಬೈಯಲ್ಲಿ ನಡೆದ ಕೆಲಸ. ಫಿಪ್ಸನ್ ನಂತರ ಗೌರವ ಕಾರ್ಯದರ್ಶಿಯಾದವರು ಅದೇ ಮಳಿಗೆಯ ಡಬ್ಲ್ಯು.ಎಸ್. ಮಿಲಾರ್ಡ್. ಇಡೀ ಭಾರತ, ಬರ್ಮಾ, ಸಿಲೋನಿನ ಸಸ್ತನಿಗಳ ಸಮೀಕ್ಷೆ ಆಗಬೇಕು ಎಂದು ಹಠ ಹಿಡಿದ ಇವರು ಅದಕ್ಕಾಗಿ ಚಂದಾ ಎತ್ತಲು ನಿಂತರು. ಸರ್ಕಾರಗಳಿಂದ, ಸಂಸ್ಥಾನಗಳಿಂದ, ಖಾಸಗಿ ಜನರಿಂದ ಹಣ ಬಂತು. 1911ರಲ್ಲಿ ಶುರುವಾದ ಕೆಲಸ 1923ರವರೆಗೆ, ನಡುವೆ ಒಂದು ಮಹಾಯುದ್ಧ ಬಂದುಹೋದರೂ, ನಡೆಯಿತು. ಆ ಚಂದಾ ಹಣ ಹೋದದ್ದು ಎಲ್ಲಿಗೆ? ಕ್ರಂಪ್, ಶಾರ್ಟ್‌ರಿಜ್, ಬ್ಯಾಪ್ಟಿಸ್ಟಾ ಮುಂತಾದ ಸಂಗ್ರಾಹಕರ ಸಂಬಳಕ್ಕೆ, ರೈಲು ಚಾರ್ಜಿಗೆ, ಎತ್ತಿನಗಾಡಿ ಬಾಡಿಗೆಗೆ, ಇಲಿ ಬೋನಿಗೆ, ಚರ್ಮ ಕೊಳೆಯದಂತೆ ಸವರುವ ಔಷಧಕ್ಕೆ, ಹತ್ತಿಗೆ, ಪ್ರತಿ ಮಾದರಿಯ ಕಾಲಿಗೆ ದಾರದಲ್ಲಿ ಕಟ್ಟುವ ಚೀಟಿಗೆ. ಇದರಲ್ಲಿ ಯಾವುದರ ಮೇಲೂ ದಾನಿಯ ಹೆಸರು ಕೆತ್ತಿಸುವಂತಿಲ್ಲ.

ಶಾರ್ಟ್‌ರಿಜ್ ನಮ್ಮ ಕಡೆಗೂ ಬಂದರು. ಧಾರವಾಡ, ಕೆನರಾ, ಕೊಡಗು, ಮೈಸೂರು ಸೀಮೆಗಳಲ್ಲಿ ಬಿಡಾರ ಹೂಡಿ, ದೊಡ್ಡ ಶಿಕಾರಿಗಿಂತ ಹೆಚ್ಚಾಗಿ ಇಲಿ, ಅಳಿಲು, ಬಾವಲಿ, ಮುಂಗುಸಿಗಳನ್ನು ಕೂಡಿಸಿದರು. ಆ ಚೀಟಿಗಳಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ, ಬಾಲದ ಉದ್ದ, ಹಿಂಗಾಲಿನ ಅಳತೆ ಎಲ್ಲ ಇರುತ್ತಿದ್ದವು. ನೂರು ವರ್ಷದ ಹಿಂದೆ ಕೊಡಗಿನ ಕಾಡಂಚಿನಲ್ಲಿ ಯಾವ ಬಾವಲಿ ಹಾರುತ್ತಿತ್ತು ಎಂದು ಇವತ್ತು ಯಾರಾದರೂ ಕೇಳಿದರೆ ಉತ್ತರ ಸಿಗುವುದು ಆ ಚೀಟಿಯಲ್ಲಿ. ಧಾರವಾಡದ ಎರೆಭೂಮಿಯಲ್ಲಿ ನೆಲ ಬಿರಿದ ಕಡೆ ಬಿಲ ಮಾಡಿಕೊಳ್ಳುವ, ಮೆತ್ತನೆ ಕೂದಲಿನ ಒಂದು ಹೊಲದಿಲಿ ಇದೆ. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಅದನ್ನು ಗುರುತಿಸಿದ್ದು ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ, ಧಾರವಾಡ ಸೀಮೆಯಲ್ಲಿದ್ದಾಗ. 1911ರಲ್ಲಿ ಆ ಇಲಿಯ ಕುಲಕ್ಕೆ ವಿಜ್ಞಾನಿಗಳು ಮಿಲಾರ್ಡಿಯಾ ಎಂದು ಹೆಸರಿಟ್ಟರು. ಊರೂರಿಗೆ ಪತ್ರ ಬರೆದು ಚಂದಾ ಎತ್ತಿದವನ ಹೆಸರು ಬಿಜಾಪುರ, ಧಾರವಾಡದ ಹೊಲಗಳಲ್ಲಿ ಇಂದಿಗೂ ಓಡಾಡಿಕೊಂಡಿದೆ. ದಾನ ಕೇಳಿದವರಿಗೆ ಸಂದ ಗೌರವಗಳಲ್ಲಿ ಇದಕ್ಕಿಂತ ಚೆಂದದ್ದು ನನಗೆ ತೋಚುವುದಿಲ್ಲ.

ಇದೇ ಮಿಲಾರ್ಡ್ ಕಚೇರಿಗೆ 1908ರ ಸುಮಾರಿಗೆ ಒಬ್ಬ ಹುಡುಗ ತಾನು ಹೊಡೆದ ಗುಬ್ಬಿಯೊಂದನ್ನು ಹಿಡಿದುಕೊಂಡು ಬಂದ. ಗಂಟಲಲ್ಲಿ ಹಳದಿ ಮಚ್ಚೆಯಿದ್ದ ಆ ಗುಬ್ಬಿಯ ಜಾತಿ ಅವನಿಗೆ ತಿಳಿದಿರಲಿಲ್ಲ. ಮಿಲಾರ್ಡ್ ಕಪಾಟುಗಳನ್ನು ಒಂದೊಂದಾಗಿ ತೆರೆದು ಭಾರತದ ಹಕ್ಕಿಗಳ ಸಾಲನ್ನೇ ಅವನೆದುರು ಇಟ್ಟರು. ಮುಂದೆ ಹೆಸರಾಂತ ಪಕ್ಷಿವಿಜ್ಞಾನಿಯಾದ ಆ ಹುಡುಗನ ಹೆಸರು ಸಲೀಂ ಅಲಿ. ಇಷ್ಟು ಎಲ್ಲರೂ ಬಲ್ಲ ಕಥೆ. ಅಷ್ಟಾಗಿ ಹೇಳದೆ ಬಿಡುವ ಭಾಗ ಮುಂದಿನದು.

ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ದಾನದ ಹಣದಿಂದ ಎದ್ದ ಕಟ್ಟಡ. ಸರ್ ಕರೀಂಭಾಯಿ ಇಬ್ರಾಹಿಂ ಒಬ್ಬರೇ 3 ಲಕ್ಷ ರೂಪಾಯಿ ಕೊಟ್ಟರು, ಸರ್ ಕಾವಸ್‌ಜಿ ಜಹಾಂಗೀರ್ 50 ಸಾವಿರ. ಸರ್ಕಾರ, ನಗರಪಾಲಿಕೆಗಳ ಹಣವೂ ಸೇರಿತು. 1922ರಲ್ಲಿ ಸಂಗ್ರಹಾಲಯ ತೆರೆಯಿತು. ಬಿಎನ್‌ಎಚ್‌ಎಸ್ ನೆರವಿನಿಂದ ಅದರಲ್ಲಿ ನಿಸರ್ಗ ಇತಿಹಾಸದ ವಿಭಾಗವೂ ಬಂತು. ಸೊಸೈಟಿಯ ಎಸ್.ಎಚ್. ಪ್ರೇಟರ್ ಅವರ ಮುತುವರ್ಜಿಯಲ್ಲಿ ಕಾಡಿನ ಹಿನ್ನೆಲೆ ಬರೆದು, ಎದುರಿಗೆ ಪ್ರಾಣಿಗಳನ್ನು ನಿಲ್ಲಿಸಿದ ಗಾಜಿನ ಕೋಣೆಗಳು ತಯಾರಾದವು. ಬಂದ ಜನಕ್ಕೆ, ಶಾಲೆಯ ಮಕ್ಕಳಿಗೆ ಅವನ್ನು ವಿವರಿಸಲು 1926ರಲ್ಲಿ ಗೈಡ್ ಲೆಕ್ಚರರ್ ಎಂಬ ಹುದ್ದೆಗೆ ಸಲೀಂ ಅಲಿ ಸೇರಿದರು. ತಿಂಗಳಿಗೆ 350 ರೂಪಾಯಿ ಸಂಬಳ. ಇನ್ನೂ ಕಲಿಯಬೇಕೆಂದು ರಜೆ ಹಾಕಿ ಬರ್ಲಿನ್ನಿಗೆ ಹೋಗಿ 1930ರಲ್ಲಿ ಮರಳಿದಾಗ ಆ ಹುದ್ದೆಯೇ ಇರಲಿಲ್ಲ. ಹಣವಿಲ್ಲವೆಂದು ತೆಗೆದುಹಾಕಿದ್ದರು.

ಗುಮ್ಮಟ ಏರಿಸಲು ಲಕ್ಷಗಳು ಸಿಕ್ಕಿದವು. ಅದರ ಕೆಳಗೆ ನಿಂತು ಮಗುವಿಗೆ ಹಕ್ಕಿಯ ಹೆಸರು ಹೇಳುವವನಿಗೆ ತಿಂಗಳ ಮುನ್ನೂರೈವತ್ತು ಸಿಗಲಿಲ್ಲ. ನೂರು ವರ್ಷವಾಗುತ್ತ ಬಂದರೂ ದಾನದ ಈ ಒಲವು ಬದಲಾದಂತೆ ಕಾಣುವುದಿಲ್ಲ. ಮುಂದೆ ಸಲೀಂ ಅಲಿ ಸಂಸ್ಥಾನಗಳ ನೆರವಿನಲ್ಲಿ ಪಕ್ಷಿ ಸಮೀಕ್ಷೆಗಳನ್ನು ಮಾಡುತ್ತ ಹೋದರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಆದ ಮೇಲೆ 1939-40ರಲ್ಲಿ ಮೈಸೂರು ಸಂಸ್ಥಾನದ ಸರದಿ. ನಮ್ಮ ಹಳೇ ಮೈಸೂರಿನ ಹಕ್ಕಿಗಳ ಕ್ರಮಬದ್ಧ ದಾಖಲೆ ಹುಟ್ಟಿದ್ದು ಹಾಗೆ. 1976ರಲ್ಲಿ ವನ್ಯಜೀವಿ ಸಂರಕ್ಷಣೆಗಾಗಿ ತಮಗೆ ಬಂದ ಗೆಟ್ಟಿ ಪ್ರಶಸ್ತಿಯ ಹಣದಿಂದ ಅವರು ಮಾಡಿದ್ದೇನು ಗೊತ್ತೇ? ಒಂದು ಪ್ರಕೃತಿ ಸಂರಕ್ಷಣಾ ನಿಧಿಯನ್ನು ಸ್ಥಾಪಿಸಿದರು. ಹಣವಿಲ್ಲದೆ ಕೆಲಸ ಕಳೆದುಕೊಂಡ ಮನುಷ್ಯನಿಗೆ ನಿಧಿಯ ಬೆಲೆ ಚೆನ್ನಾಗಿ ತಿಳಿದಿತ್ತು.

ಈಗ ಡೇವಿಡ್‌ಸನ್ ವಿಷಯ. ಕಾರವಾರಕ್ಕೆ ಬರುವ ಮೊದಲು ಖಾನ್‌ದೇಶದಲ್ಲಿದ್ದಾಗ ಅವರು ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯ ಮಾದರಿಗಳನ್ನು ಸಂಗ್ರಹಿಸಿದ್ದರು. ಆ ಗೂಬೆಯನ್ನು 1873ರಲ್ಲಿ ಮೊದಲು ವರ್ಣಿಸಿದವರು ಹ್ಯೂಮ್. 1884ರ ನಂತರ ಅದು ಯಾರಿಗೂ ಕಾಣಲಿಲ್ಲ. ರಿಚರ್ಡ್ ಮೈನರ್ಟ್ಸ್‌ಹೇಗನ್ ಎಂಬ ಸೇನಾಧಿಕಾರಿಯೊಬ್ಬ ಮಾತ್ರ 1914ರಲ್ಲಿ ಗುಜರಾತಿನ ಮಾಂಡವಿಯ ಬಳಿ ಹಿಡಿದೆನೆಂದು ಒಂದು ಮಾದರಿ ತೋರಿಸಿದ್ದ. ಅದನ್ನು ನಂಬಿದರೆ ಹುಡುಕಬೇಕಾದದ್ದು ಗುಜರಾತಿನಲ್ಲಿ. 1990ರ ದಶಕದಲ್ಲಿ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಚರ್ಮವನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ಮೋಸ ಬಯಲಾಯಿತು. ಅದು ಡೇವಿಡ್‌ಸನ್ ಸಂಗ್ರಹಿಸಿದ ಹಳೆಯ ಮಾದರಿ. ಸಂಗ್ರಹಾಲಯದಿಂದ ಕದ್ದು, ಒಳಗಿನ ಹತ್ತಿ ಬದಲಿಸಿ, ಹೊಸ ಚೀಟಿ ಕಟ್ಟಲಾಗಿತ್ತು. ಸುಳ್ಳು ಊರನ್ನು ಪಟ್ಟಿಯಿಂದ ಹೊಡೆದುಹಾಕಿ, ನಿಜವಾದ ಚೀಟಿಗಳಲ್ಲಿದ್ದ ಊರುಗಳ ಕಡೆಗೆ ರಾಸ್ಮುಸೆನ್ ಮತ್ತು ಸಂಗಡಿಗರು ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಕೊಂಬೆಯ ಮೇಲೆ ಕೂತಿತ್ತು. ನೂರಹದಿಮೂರು ವರ್ಷಗಳ ನಂತರ. ಒಂದು ಜೀವಿಯನ್ನು ಇಲ್ಲವೆಂಬ ಪಟ್ಟಿಯಿಂದ ಇದೆ ಎಂಬ ಪಟ್ಟಿಗೆ ತಂದದ್ದು ಯಾವುದೋ ಕಪಾಟಿನಲ್ಲಿ ಒಂದು ಶತಮಾನ ಹುಳ ಹಿಡಿಯದಂತೆ ಉಳಿದ ಒಂದಿಷ್ಟು ಗರಿ, ಒಂದಿಷ್ಟು ಶಾಯಿ.

ಇನ್ನೊಂದನ್ನು ಹೇಳಲೇಬೇಕು. ಬ್ರಿಟನ್ನಿನಲ್ಲಿ ಪೆರೆಗ್ರಿನ್ ಜಾತಿಯ ಡೇಗೆಗಳು ಇದ್ದಕ್ಕಿದ್ದಂತೆ ಕಡಿಮೆಯಾದಾಗ ಸಂಶೋಧಕ ಡೆರೆಕ್ ರಾಟ್‌ಕ್ಲಿಫ್ ಹಳೆಯ ಮೊಟ್ಟೆ ಸಂಗ್ರಹಗಳನ್ನು ತೂಗಿ ನೋಡಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗುತ್ತ ಬಂದಿತ್ತು, ಡಿಡಿಟಿ ಬಳಕೆ ಹಬ್ಬಿದ ಕಾಲವೂ ಅದೇ. 1967ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದಕ್ಕೂ ಹಿಂದೆ ಮೊಟ್ಟೆ ಕೂಡಿಸಿದವರಿಗೆ ಡಿಡಿಟಿ ಎಂಬ ವಸ್ತುವಿನ ಕಲ್ಪನೆಯೂ ಇರಲಿಲ್ಲ. ಸಂಗ್ರಹದ ಉಪಯೋಗ ಸಂಗ್ರಹಿಸಿದವನಿಗೇ ತಿಳಿದಿರುವುದಿಲ್ಲ. ಆದ್ದರಿಂದಲೇ ಇದಕ್ಕೆ ಹಣ ಕೇಳುವುದು ಕಷ್ಟ. ಆಸ್ಪತ್ರೆಗೆ ಒಂದು ಡಯಾಲಿಸಿಸ್ ಯಂತ್ರ ಕೊಟ್ಟರೆ ಮರುದಿನವೇ ರೋಗಿ ಬರುತ್ತಾನೆ. ಒಂದು ಕಪಾಟು ಬಾವಲಿಗೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ?

ಕಾಪಾಡುವುದೆಂದರೆ ಏನೇನು ಎಂಬುದನ್ನೂ ನೋಡಬೇಕು. ಒಣ ಚರ್ಮ, ಗರಿ, ಒಣಗಿದ ಕೀಟ ಇವನ್ನು ತಿಂದೇ ಬದುಕುವ ಸಣ್ಣ ಜೀರುಂಡೆಗಳಿವೆ. ಒಂದು ಪೆಟ್ಟಿಗೆಗೆ ನುಗ್ಗಿದರೆ ಕೆಲವೇ ತಿಂಗಳಲ್ಲಿ ಚಿಟ್ಟೆಗಳಿದ್ದ ಕಡೆ ಪುಡಿ ಮತ್ತು ಸೂಜಿ ಉಳಿಯುತ್ತದೆ. ಕರಾವಳಿಯ ಮಳೆಗಾಲದ ತೇವಕ್ಕೆ ಬೂಷ್ಟು ಬೇರೆ. ಜಾಡಿಯಲ್ಲಿಟ್ಟ ಕಪ್ಪೆ, ಹಾವುಗಳ ಆಲ್ಕೋಹಾಲ್ ಮುಚ್ಚಳದ ಸಂದಿನಿಂದ ಆವಿಯಾಗುತ್ತಲೇ ಇರುತ್ತದೆ, ನೋಡಿ ನೋಡಿ ತುಂಬಿಸಬೇಕು. ನುಸಿಗುಳಿಗೆ ಬದಲಿಸಬೇಕು, ಗಾಳಿಯಾಡದ ಕಪಾಟು ಬೇಕು, ತೇವ ಹೀರುವ ಯಂತ್ರಕ್ಕೆ ಹಗಲು ರಾತ್ರಿ ಕರೆಂಟು ಬೇಕು. ಹಳೆಯ ಚೀಟಿಯ ಕೈಬರಹ ಓದಿ ಕಂಪ್ಯೂಟರಿಗೆ ಏರಿಸುವವರು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಇಲಿಗಳ ತಲೆಬುರುಡೆ ನೋಡಿ ಇದು ಬೇರೆ, ಅದು ಬೇರೆ ಎನ್ನಬಲ್ಲ ಮನುಷ್ಯ ಬೇಕು. ಅವನು ತಯಾರಾಗಲು ಹತ್ತಾರು ವರ್ಷ ಹಿಡಿಯುತ್ತದೆ. ಪ್ರಾಜೆಕ್ಟ್ ಮುಗಿಯಿತೆಂದು ಮೂರನೇ ವರ್ಷಕ್ಕೆ ಮನೆಗೆ ಕಳಿಸಿದರೆ ತಯಾರಾಗುವುದೇ ಇಲ್ಲ.

ಇಂಥ ದಾನ ನಮಗೆ ಹೊಸದಲ್ಲ. ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಇದು ಗೊತ್ತು. ದೇವಾಲಯ ಕಟ್ಟಿಸಿದ ಸುದ್ದಿಯ ಜೊತೆಗೇ ಅಲ್ಲಿ ನಂದಾದೀವಿಗೆಯ ಎಣ್ಣೆಗೆ ಇಷ್ಟು ಗದ್ಯಾಣ, ಅದರ ಬಡ್ಡಿಯಿಂದ ದೀಪ ಉರಿಯತಕ್ಕದ್ದು, ಗೋಡೆ ಬಿರಿದರೆ ಜೀರ್ಣೋದ್ಧಾರಕ್ಕೆ ಇಂಥ ಗದ್ದೆಯ ಉತ್ಪನ್ನ, ಓದಿಸುವವರಿಗೆ, ಓದುವವರಿಗೆ ಊಟಕ್ಕೆ ಇಂತಿಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಒಂದು ದೀಪಕ್ಕೆ ಎಣ್ಣೆ ಕೊಟ್ಟವರ ಹೆಸರೂ ಕಲ್ಲಿನ ಮೇಲೆ ನಿಂತಿದೆ. ಸಂಗ್ರಹಾಲಯಕ್ಕೆ ಬೇಕಾದದ್ದೂ ಇದೇ ಬಗೆಯ ದತ್ತಿ. ಅಸಲು ಮುಟ್ಟದೆ ಬಡ್ಡಿಯಲ್ಲಿ ನಡೆಯುವ ಮೂಲನಿಧಿ. ಲೆಕ್ಕ ಹಾಕಿ ನೋಡಿ. ಒಂದು ಕೋಟಿ ರೂಪಾಯಿಯ ಠೇವಣಿಗೆ ನೂರಕ್ಕೆ ಆರರ ಬಡ್ಡಿ ಎಂದರೆ ವರ್ಷಕ್ಕೆ ಆರು ಲಕ್ಷ. ಒಬ್ಬ ತಜ್ಞನನ್ನು ತಿಂಗಳಿಗೆ 50 ಸಾವಿರದ ಸಂಬಳದಲ್ಲಿ ಕಾಯಂ ಆಗಿ ಉಳಿಸಿಕೊಳ್ಳಬಹುದು. ಒಂದು ಕೋಟಿಗೆ ಕಟ್ಟಡದ ಒಂದು ಮೂಲೆಯೂ ಏಳದ ಕಾಲದಲ್ಲಿ ಇದು ಸಣ್ಣ ಫಲವಲ್ಲ.

ಎಣ್ಣೆ ಹಾಕದೆ ಬಿಟ್ಟರೆ ಏನಾಗುತ್ತದೆಂದು ರಿಯೊ ಡಿ ಜನೈರೊ ತೋರಿಸಿತು. ಬ್ರೆಜಿಲ್‌ನ ರಾಷ್ಟ್ರೀಯ ಸಂಗ್ರಹಾಲಯ 1818ರಲ್ಲಿ ಹುಟ್ಟಿದ್ದು. ಹಳೆಯ ಅರಮನೆಯಲ್ಲಿ ಸುಮಾರು 2 ಕೋಟಿ ವಸ್ತುಗಳಿದ್ದವು. ವರ್ಷ ವರ್ಷ ನಿರ್ವಹಣೆಯ ಹಣ ಕಡಿತವಾಗುತ್ತ ಬಂತು. ದೊಡ್ಡ ಡೈನೊಸಾರ್ ಅಸ್ಥಿಪಂಜರ ನಿಂತಿದ್ದ ಮರದ ಪೀಠವನ್ನು ಗೆದ್ದಲು ತಿಂದು, ಆ ಸಭಾಂಗಣ ಮುಚ್ಚಿ, ಕೊನೆಗೆ ಸಾರ್ವಜನಿಕರಿಂದ ಚಿಲ್ಲರೆ ದೇಣಿಗೆ ಎತ್ತಿ ಸರಿಪಡಿಸಬೇಕಾಯಿತು. 2018ರ ಜೂನ್‌ನಲ್ಲಿ, ಇನ್ನೂರನೇ ವರ್ಷದ ಸಂಭ್ರಮದಲ್ಲಿ, 2.17 ಕೋಟಿ ರಿಯಾಲ್‌ಗಳ ನೆರವಿನ ಒಪ್ಪಂದಕ್ಕೆ ಸಹಿ ಬಿತ್ತು. ಬೆಂಕಿಯಿಂದ ಕಾಪಾಡುವ ವ್ಯವಸ್ಥೆಯೂ ಅದರಲ್ಲಿತ್ತು. ಹಣ ಕೈಸೇರುವ ಮೊದಲೇ, ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಹತ್ತಿಕೊಂಡಿತು. ಹವಾನಿಯಂತ್ರಣ ಯಂತ್ರವೊಂದರಿಂದ ಕಿಡಿ ಎದ್ದಿತ್ತು. ಅಗ್ನಿಶಾಮಕದವರು ಬಂದರೆ ಹತ್ತಿರದ ನಲ್ಲಿಗಳಲ್ಲಿ ನೀರಿರಲಿಲ್ಲ. ಲಕ್ಷಾಂತರ ಕೀಟಗಳ ಸಂಗ್ರಹ ಬೂದಿಯಾಯಿತು. ಆಮೇಲೆ ಜಗತ್ತಿನ ಮನಸ್ಸು ಕರಗಿತು. ಜರ್ಮನಿ ಹಣ ಕೊಟ್ಟಿತು. 2024ರಲ್ಲಿ ಬರ್ಕ್‌ಹಾರ್ಡ್ ಪೋಲ್ ಎಂಬ ಸಂಗ್ರಾಹಕರು 1,104 ಪಳೆಯುಳಿಕೆಗಳನ್ನು ದಾನ ಮಾಡಿದರು. ದೊಡ್ಡ ಮನಸ್ಸಿನ ಕೊಡುಗೆಗಳೇ. ಆದರೂ ಸುಟ್ಟುಹೋದ ಒಂದು ಕಣಜವನ್ನು, ಅದು ಸಿಕ್ಕ ದಿನದ ಚೀಟಿಯನ್ನು ಯಾವ ದಾನಿಯೂ ಮರಳಿ ಕೊಡಲಾರ.

ರಿಯೊದ ಬೆಂಕಿಗೂ ಎರಡು ವರ್ಷ ಮೊದಲು, 2016ರ ಏಪ್ರಿಲ್ 26ರಂದು, ದೆಹಲಿಯ ನಮ್ಮದೇ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ ಸುಟ್ಟುಹೋಗಿತ್ತು. 1978ರಿಂದ ಮಂಡಿ ಹೌಸ್ ಬಳಿಯ ಬೇರೆಯವರ ಕಟ್ಟಡದಲ್ಲಿಯೇ ಅದು ನಡೆದುಕೊಂಡು ಬಂದಿತ್ತು.

ಅಮೆರಿಕದಲ್ಲಿ ದೊಡ್ಡ ದಾನದ ಕಥೆಗಳಿಗೆ ಬರವಿಲ್ಲ. ಷಿಕಾಗೋದ ವ್ಯಾಪಾರಿ ಮಾರ್ಷಲ್ ಫೀಲ್ಡ್ 1893ರಲ್ಲಿ 10 ಲಕ್ಷ ಡಾಲರ್ ಕೊಟ್ಟು ಶುರುಮಾಡಿಸಿದ ಸಂಗ್ರಹಾಲಯಕ್ಕೆ ಅವರದೇ ಹೆಸರು. ಅದೇ ಫೀಲ್ಡ್ ಮ್ಯೂಸಿಯಂ 1997ರಲ್ಲಿ ಸೂ ಎಂಬ ಟಿ. ರೆಕ್ಸ್ ಅಸ್ಥಿಪಂಜರವನ್ನು ಹರಾಜಿನಲ್ಲಿ 83.6 ಲಕ್ಷ ಡಾಲರಿಗೆ ಕೊಂಡಿತು. ಮ್ಯಾಕ್‌ಡೊನಾಲ್ಡ್ಸ್, ಡಿಸ್ನಿಯಂಥ ಕಂಪನಿಗಳು ಕೈಜೋಡಿಸಿದವು. ಖಾಸಗಿ ಬಂಗಲೆ ಸೇರಬಹುದಾಗಿದ್ದ ಮೂಳೆ ಸಾರ್ವಜನಿಕರ ಪಾಲಿಗೆ ಉಳಿಯಿತು, ವಿಜ್ಞಾನಿಗಳ ಕೈಗೆ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಡೈನೊಸಾರ್‌ಗೆ ದಾನಿಗಳು ಓಡಿ ಬರುತ್ತಾರೆ. ಕಣಜಕ್ಕೆ, ಎರೆಹುಳಕ್ಕೆ, ಹುಲ್ಲಿಗೆ ಬರುವವರು ಯಾರು? ಅವರನ್ನು ಹುಡುಕುವುದೇ ನಿಜವಾದ ಕೆಲಸ.

ಕರ್ನಾಟಕದಲ್ಲಿ ಇಂಥ ಸಂಗ್ರಹಗಳು ನಾವೆಣಿಸಿದ್ದಕ್ಕಿಂತ ಹೆಚ್ಚಿವೆ. ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಸಂಗ್ರಹಾಲಯ ಕೇಂದ್ರ ಸರ್ಕಾರದ್ದು, ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನ ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಕೀಟ ಸಂಗ್ರಹ ಇದೆ. ಫಾದರ್ ಸೆಸಿಲ್ ಸಲ್ಡಾನಾ ಮತ್ತು ಬಳಗದವರು ಹಾಸನ ಜಿಲ್ಲೆಯನ್ನು ಜಾಲಾಡಿ ಒತ್ತಿ ಒಣಗಿಸಿದ ಸಸ್ಯಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ (ಎನ್‌ಸಿಬಿಎಸ್) ಸಂಶೋಧನಾ ಸಂಗ್ರಹವಿದೆ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಜಿಲ್ಲಾ ಕೇಂದ್ರಗಳ ಹಳೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು. ತರಗತಿಯಲ್ಲಿ ಪ್ರಾಣಿಗಳನ್ನು ಕೊಯ್ಯುವುದು ನಿಂತದ್ದು ಸರಿಯಾದದ್ದೇ. ಅದರ ಜೊತೆಗೆ ಜಾಡಿಗಳಿದ್ದ ಕೋಣೆಗೂ ಬೀಗ ಬೀಳಬಾರದು. ಐವತ್ತು ವರ್ಷದ ಹಿಂದೆ ಮೇಷ್ಟರೊಬ್ಬರು ತುಂಗಭದ್ರೆಯಲ್ಲಿ ಹಿಡಿಸಿದ ಮೀನು, ಚೀಟಿ ಸಮೇತ ಇದ್ದರೆ, ಇವತ್ತು ಆ ನದಿಯ ಬಗ್ಗೆ ಸಾಕ್ಷಿ ಹೇಳಬಲ್ಲದು. ಹಳೆಯ ವಿದ್ಯಾರ್ಥಿ ಸಂಘಗಳು ಕಮಾನು, ರಂಗಮಂದಿರ ಕಟ್ಟಿಸುವ ಹಣದಲ್ಲಿ ಒಂದು ಪಾಲನ್ನು ಈ ಕೋಣೆಗೆ ಇಡಬಹುದು.

ಕಂಪನಿಗಳಿಗೂ ದಾರಿಯಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಸ್ಯ, ಪ್ರಾಣಿಗಳ ರಕ್ಷಣೆ ಆ ಪಟ್ಟಿಯಲ್ಲೇ ಇದೆ. ವ್ಯಕ್ತಿಗಳು ಕೊಡುವುದಾದರೆ ತೆರಿಗೆ ವಿನಾಯಿತಿಯ ರಸೀದಿ ಸಿಗುತ್ತದೆಯೇ ಎಂದು ಕೇಳುವುದರ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು. ನಿಮ್ಮಲ್ಲಿ ಮೂಲನಿಧಿ ಇದೆಯೇ? ಎಷ್ಟು ಮಾದರಿಗಳ ವಿವರ ಕಂಪ್ಯೂಟರಿಗೆ ಏರಿದೆ? ಬೆಂಕಿ ಆರಿಸುವ ಸಿಲಿಂಡರ್ ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ? ಕೊಟ್ಟ ಹಣ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಹೋದರೂ ನನ್ನ ಅಭ್ಯಂತರವಿಲ್ಲ ಎಂದು ಚೆಕ್ಕಿನ ಜೊತೆಗಿನ ಪತ್ರದಲ್ಲಿ ಬರೆದುಕೊಡುವ ದಾನಿ ಸಿಕ್ಕರೆ ಸಂಗ್ರಹ ಪಾಲಕರ ಅರ್ಧ ಭಾರ ಇಳಿಯುತ್ತದೆ.

ದುಡ್ಡಲ್ಲದ ದಾನವೂ ಇದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹಳೆಯ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕಗಳು, ಶಿಕಾರಿ ಡೈರಿಗಳು ಸಿಗುತ್ತವೆ. ಗೋಡೆಯ ಮೇಲಿನ ಕೊಂಬು, ಚರ್ಮಗಳಿಗೆ 1972ರ ವನ್ಯಜೀವಿ ಕಾಯ್ದೆಯ ಕಟ್ಟುಪಾಡುಗಳಿವೆ, ಅವನ್ನು ಅರಣ್ಯ ಇಲಾಖೆಯನ್ನು ಕೇಳದೆ ಕೊಡಲಾಗದು, ತೆಗೆದುಕೊಳ್ಳಲೂ ಆಗದು. ಡೈರಿಗಳಿಗೆ ಅಂಥ ತೊಡಕಿಲ್ಲ. ಯಾವ ತಿಂಗಳು ಮಂಗಟ್ಟೆ ಬಂತು, ಯಾವ ಹಳ್ಳದಲ್ಲಿ ನೀರುನಾಯಿ ಕಂಡಿತು, ಕಾಡುನಾಯಿ ಕೊನೆಯ ಸಲ ಯಾವಾಗ ತೋಟ ದಾಟಿತು ಎಂದು ಅಜ್ಜ ಬರೆದಿಟ್ಟ ಸಾಲುಗಳನ್ನು ಶಾರ್ಟ್‌ರಿಜ್ ಕಟ್ಟಿದ ಚೀಟಿಗಳ ಪಕ್ಕದಲ್ಲಿಟ್ಟು ಓದಿದರೆ ಒಂದು ಜಿಲ್ಲೆಯ ನೂರು ವರ್ಷ ಕಣ್ಣೆದುರು ಬರುತ್ತದೆ. ಮನೆ ಪಾಲಾಗುವಾಗ, ತೋಟ ಮಾರುವಾಗ ಆ ಪುಸ್ತಕಗಳನ್ನು ಹಳೆ ಪೇಪರಿನವನ ತಕ್ಕಡಿಗೆ ಹಾಕುವ ಮುನ್ನ ಹತ್ತಿರದ ವಿಶ್ವವಿದ್ಯಾಲಯಕ್ಕೋ ಸಂಗ್ರಹಾಲಯಕ್ಕೋ ಒಂದು ಫೋನ್ ಮಾಡಿ. ಅವನ್ನು ಸ್ಕ್ಯಾನ್ ಮಾಡಿಸಿ, ಒಳ್ಳೆಯ ಕಪಾಟಿನಲ್ಲಿ ಇಡಲು ಆಗುವ ಖರ್ಚನ್ನೂ ಜೊತೆಗೇ ಕೊಡಿ.